ಬ್ಲೂಟೂತ್‌ನಲ್ಲಿ ಮುಕ್ಕಾಲು ಸಂಗೀತ ಮಾಯವಾಗುತ್ತದೆಯೇ? ಫೋನಿನಿಂದ ಮನೆಯ ಸ್ಟೀರಿಯೊಗೆ ಹಾಡು ಕಳಿಸುವ ಮುನ್ನ ಇದನ್ನು ಓದಿ

ಬ್ಲೂಟೂತ್‌ನಲ್ಲಿ ಹಾಡು ಕೇಳಿದರೆ ಮುಕ್ಕಾಲು ಪಾಲು ಸಂಗೀತ ಕಳೆದುಹೋಗುತ್ತದೆ, ನಿಮಗೆ ಕೇಳಿಸುತ್ತಿರುವುದು ಬರೀ ಕಾಲು ಭಾಗ, ಅಸಲಿ ಸಂಗೀತ ಬೇಕಿದ್ದರೆ ‘ಹೈ-ರೆಸ್’ ಸಾಧನವನ್ನೇ ಕೊಳ್ಳಿ ಎನ್ನುವ ಧಾಟಿಯ ಸಂದೇಶ ನಿಮ್ಮ ವಾಟ್ಸಾಪಿಗೂ ಬಂದಿರಬಹುದು. ನಮ್ಮ ಮನೆಯವರ ಗ್ರೂಪಿಗೆ ಅದನ್ನು ಹಾಕಿದ್ದು ಹಾಸನದಲ್ಲಿರುವ ನನ್ನ ದೊಡ್ಡಪ್ಪ. ಆಮೇಲೆ ಫೋನ್ ಬೇರೆ ಮಾಡಿದರು. ‘ಏನಮ್ಮಾ, ಇಂಥದ್ದನ್ನ ನೋಡೋದೇ ನಿನ್ನ ಕೆಲಸ ಅಲ್ವಾ? ಇದು ನಿಜಾನಾ ಸುಳ್ಳಾ ಹೇಳು.’

ಅವರ ಬಳಿ 80ರ ದಶಕದ ಒಂದು ಆಂಪ್ಲಿಫೈಯರ್ ಮತ್ತು ಸೊಂಟದೆತ್ತರದ ಎರಡು ಮರದ ಸ್ಪೀಕರ್‌ಗಳಿವೆ. ಟೇಪ್ ಡೆಕ್ ಕೆಟ್ಟು ಹೋದ ಮೇಲೆ ವರ್ಷಗಟ್ಟಲೆ ಬಟ್ಟೆ ಹೊದಿಸಿ ಇಟ್ಟಿದ್ದರು. ಈಚೆಗೆ ಅದಕ್ಕೊಂದು ಪುಟ್ಟ ಬ್ಲೂಟೂತ್ ರಿಸೀವರ್ ಸಿಕ್ಕಿಸಿ ಫೋನಿನಿಂದ ಹಾಡು ಕೇಳಲು ಶುರುಮಾಡಿದ್ದರು. ಆದರೆ ಏನೋ ಕೊರತೆ, ಮೃದಂಗದಲ್ಲಿ ತೂಕವೇ ಇಲ್ಲ ಅನಿಸುತ್ತಿತ್ತಂತೆ. ಈ ಸಂದೇಶ ನೋಡಿದ ಮೇಲೆ ಕಾರಣ ಸಿಕ್ಕಿಬಿಟ್ಟಿತು. ಹಳೆಯ ಸೆಟ್ಟನ್ನು ಗುಜರಿಯವನಿಗೆ ಕೊಟ್ಟು ಮೂವತ್ತು ಸಾವಿರದ ಹೊಸ ಸ್ಪೀಕರ್ ತರುವ ಲೆಕ್ಕದಲ್ಲಿದ್ದರು.

ನಾನು ಹುಡುಕಲು ಕೂತಾಗ ತಿಳಿದದ್ದು ಇಷ್ಟು: ಸಂದೇಶದಲ್ಲಿರುವ ಲೆಕ್ಕ ಹೆಚ್ಚುಕಡಿಮೆ ಸರಿ. ಅದರಿಂದ ಎಳೆದಿರುವ ತೀರ್ಮಾನ ತಪ್ಪು. ಇಂಥ ಫಾರ್ವರ್ಡ್‌ಗಳೇ ಪೂರ್ತಿ ಸುಳ್ಳಿಗಿಂತ ಹೆಚ್ಚು ತೊಂದರೆ ಕೊಡುವುದು.

‘ಮುಕ್ಕಾಲು’ ಎಂಬ ಲೆಕ್ಕ ಬಂದದ್ದೆಲ್ಲಿಂದ?

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳೋಣ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎಡ, ಬಲ ಎರಡೂ ಸೇರಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ. ಬ್ಲೂಟೂತ್ ಇಷ್ಟನ್ನು ಹೊರಲು ಆಗದು. ಕಾಗದದ ಮೇಲೆ ಅದರ ವೇಗ ಇದಕ್ಕಿಂತ ಹೆಚ್ಚೇ ಇದ್ದರೂ ಗೋಡೆ, ಮನುಷ್ಯರು, ಪಕ್ಕದ ಮನೆಯ ವೈಫೈ ಎಲ್ಲದರ ನಡುವೆ ತಡೆಯಿಲ್ಲದೆ ಸಾಗಿಸಬಹುದಾದದ್ದು ಕಡಿಮೆ. ಅದಕ್ಕೇ ಫೋನು ಹಾಡನ್ನು ಕುಗ್ಗಿಸಿ ಕಳಿಸುತ್ತದೆ, ಆ ಕಡೆಯ ರಿಸೀವರ್ ಬಿಡಿಸಿಕೊಳ್ಳುತ್ತದೆ. ಹೀಗೆ ಕುಗ್ಗಿಸಿ ಬಿಡಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ.

ಬ್ಲೂಟೂತ್‌ನಲ್ಲಿ ಸಂಗೀತ ನುಡಿಸುವ ಎಲ್ಲ ಸಾಧನಗಳಲ್ಲೂ ಕಡ್ಡಾಯವಾಗಿ ಇರಲೇಬೇಕಾದ ಕೋಡೆಕ್ ಎಸ್‌ಬಿಸಿ. ಅದರ ಉತ್ತಮ ಗುಣಮಟ್ಟದ ಹಂತದಲ್ಲಿ ಸೆಕೆಂಡಿಗೆ 328 ಕಿಲೋಬಿಟ್ ಸಾಗುತ್ತದೆ. 1,411ರಲ್ಲಿ 328 ಅಂದರೆ ಕಾಲು ಭಾಗಕ್ಕಿಂತ ತುಸು ಕಡಿಮೆ. ಮುಕ್ಕಾಲು ಹೋಯಿತು ಎನ್ನುವುದು ಈ ಭಾಗಾಕಾರದಿಂದ.

ಆದರೆ ಕಡಿಮೆಯಾದದ್ದು ಬಿಟ್‌ಗಳು. ಅವು ಸಂಗೀತದ ತುಣುಕುಗಳಲ್ಲ. ಒಂದು ಸರಳ ಪುರಾವೆ ಕೊಡುತ್ತೇನೆ. ಫ್ಲ್ಯಾಕ್ ಎಂಬ ಕಡತದ ಮಾದರಿ ಇದೆ. ಸಿಡಿಯ ಹಾಡನ್ನು ಅದು ಅರ್ಧದಿಂದ ಮೂರನೇ ಎರಡು ಭಾಗದಷ್ಟು ಗಾತ್ರಕ್ಕೆ ಇಳಿಸುತ್ತದೆ. ಬಿಡಿಸಿದರೆ ಮೂಲದ ಒಂದೇ ಒಂದು ಬಿಟ್ ಕೂಡ ಬದಲಾಗಿರುವುದಿಲ್ಲ. ಅಂದರೆ ಸಿಡಿಯ 1,411ರಲ್ಲಿ ದೊಡ್ಡ ಪಾಲು ಹೇಳಿದ್ದನ್ನೇ ಇನ್ನೊಂದು ಸಲ ಹೇಳುವ ಮಾಹಿತಿ. ಅದನ್ನು ಮಡಚಿಟ್ಟರೆ ಯಾವ ಸ್ವರವೂ ಕಳೆಯುವುದಿಲ್ಲ.

ಅದಕ್ಕಿಂತ ಕೆಳಗೆ ಇಳಿಸಬೇಕಾದರೆ ನಿಜವಾಗಿಯೂ ಏನನ್ನಾದರೂ ಬಿಡಲೇಬೇಕು. ಎಸ್‌ಬಿಸಿ ಮಾಡುವುದೂ ಅದನ್ನೇ. ಧ್ವನಿಯನ್ನು ತಗ್ಗಿನಿಂದ ಎತ್ತರದವರೆಗೆ ಸಾಮಾನ್ಯವಾಗಿ ಎಂಟು ಪಟ್ಟಿಗಳಾಗಿ ಸೀಳಿ, ಆ ಕ್ಷಣದಲ್ಲಿ ಜೋರಾಗಿರುವ ಪಟ್ಟಿಗೆ ಹೆಚ್ಚು ಬಿಟ್, ಮೆತ್ತಗಿರುವುದಕ್ಕೆ ಕಡಿಮೆ ಬಿಟ್ ಹಂಚುತ್ತದೆ. ಇದರಿಂದ ಸಣ್ಣದೊಂದು ಗೊರಗೊರ ಹುಟ್ಟುತ್ತದೆ. ಆದರೆ ಅದು ಜೋರು ಧ್ವನಿಯ ಹಿಂದೆಯೇ ಅಡಗಿರುತ್ತದೆ. ಊರಬ್ಬದ ತಮಟೆ ಬಡಿಯುತ್ತಿರುವಾಗ ಪಕ್ಕದಲ್ಲಿ ನಿಂತವರ ಪಿಸುಮಾತು ಕೇಳಿಸದ ಹಾಗೆ. ಎಂಪಿ3, ಎಎಸಿ ಮುಂತಾದವು ಕಿವಿಯ ಇದೇ ಗುಣವನ್ನು ಇನ್ನಷ್ಟು ಜಾಣತನದಿಂದ ಬಳಸಿಕೊಳ್ಳುತ್ತವೆ.

ಹಾಗೆಂದು ವ್ಯತ್ಯಾಸವೇ ಇಲ್ಲ ಎನ್ನುತ್ತಿಲ್ಲ. ಗೆಜ್ಜೆ, ತಾಳ, ಚಪ್ಪಾಳೆಯಂಥ ಚುರುಕು ಸದ್ದುಗಳು ಕುಗ್ಗಿಸುವ ವಿಧಾನಗಳಿಗೆ ಕಷ್ಟದ ಕೆಲಸ. ಒಳ್ಳೆಯ ಹೆಡ್‌ಫೋನ್ ಹಾಕಿ ಪಳಗಿದ ಕಿವಿಯವರು ಗಮನ ಕೊಟ್ಟು ಕೇಳಿದರೆ ಅಲ್ಲಿ ಎಸ್‌ಬಿಸಿಯ ಎಡವಟ್ಟನ್ನು ಹಿಡಿಯಬಹುದು. ಅಡುಗೆಮನೆಯಿಂದ ಕುಕ್ಕರ್ ಕೂಗುತ್ತಿರುವ ಹಜಾರದಲ್ಲಿ ಹಿಡಿಯುವುದು ಬೇರೆಯೇ ಮಾತು.

‘ಹೈ-ರೆಸ್’ ಬಗ್ಗೆ ಅಧ್ಯಯನಗಳು ಏನು ಹೇಳುತ್ತವೆ?

ಈ ಸಂದೇಶಗಳಲ್ಲಿ ಸಿಡಿಯೂ ಸಾಲದು, ಅದಕ್ಕಿಂತ ಮೇಲಿನ 24 ಬಿಟ್, 192 ಕಿಲೋಹರ್ಟ್ಸ್ ಬೇಕು ಎಂಬ ಬಾಲವೂ ಇರುತ್ತದೆ. ಸಿಡಿಯ 44,100 ಅಳತೆಗಳು ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ಹಿಡಿದಿಡಲು ಸಾಕು. ಮನುಷ್ಯರ ಕಿವಿಯ ಮಿತಿ, ಅದೂ ಹರೆಯದಲ್ಲಿ, 20 ಕಿಲೋಹರ್ಟ್ಸ್. ಅರವತ್ತು ದಾಟಿದ ಬಹುತೇಕರಿಗೆ 12ರ ಮೇಲಿನದ್ದು ಕೇಳಿಸುವುದೇ ಕಷ್ಟ. ಇದನ್ನು ದೊಡ್ಡಪ್ಪನಿಗೆ ಹೇಳುವಾಗ ನಾನು ಸ್ವಲ್ಪ ತಡವರಿಸಿದೆ.

2007ರಲ್ಲಿ ಬ್ರಾಡ್ ಮೆಯರ್ ಮತ್ತು ಡೇವಿಡ್ ಮೊರಾನ್ ಎಂಬಿಬ್ಬರು ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಹೈ-ರೆಸ್ ಡಿಸ್ಕಿನ ಧ್ವನಿಯನ್ನು ನೇರವಾಗಿಯೂ, ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ಹೇಳಿ ಎಂದರು. 554 ಸಲ ಕೇಳಿಸಿದ್ದರಲ್ಲಿ ಸರಿಯುತ್ತರ ಬಂದದ್ದು 276 ಸಲ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣ ನೂರಕ್ಕೆ 52.3 ಇತ್ತು. ತರಬೇತಿ ಪಡೆದ ಕೇಳುಗರಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಹೈ-ರೆಸ್ ಪೂರ್ತಿ ಬೂಟಾಟಿಕೆ ಎಂದು ಬರೆಯಲು ನಾನು ಸಿದ್ಧಳಿಲ್ಲ. ಆದರೆ ಇರುವ ವ್ಯತ್ಯಾಸ ಬಲು ತೆಳುವಾದದ್ದು. ಮೃದಂಗದ ತೂಕವೇ ಮಾಯವಾಗಿದ್ದರೆ ಅದಕ್ಕೆ ಕಾರಣ ಇಲ್ಲಿಲ್ಲ.

ಬ್ಲೂಟೂತ್ 5 ಅಂದರೆ ಒಳ್ಳೆಯ ಧ್ವನಿಯೇ?

ಅಲ್ಲ. ಅಂಗಡಿಯಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು ಮಾತು ಇದೇ ಇರಬೇಕು. 2016ರಲ್ಲಿ ಬಂದ ಐದನೇ ಆವೃತ್ತಿ ವೇಗ, ದೂರ ಹೆಚ್ಚಿಸಿದ್ದು ಕಡಿಮೆ ವಿದ್ಯುತ್ ಬಳಸುವ ಬೇರೊಂದು ಬಗೆಯ ಸಂಪರ್ಕಕ್ಕೆ. ಹಾಡು ಸಾಗುವ ಹಳೆಯ ದಾರಿ ಇದ್ದ ಹಾಗೇ ಇತ್ತು. ಡಬ್ಬಿಯ ಮೇಲೆ ನೋಡಬೇಕಾದದ್ದು ಆವೃತ್ತಿಯನ್ನಲ್ಲ, ಯಾವ ಕೋಡೆಕ್‌ಗಳಿವೆ ಎನ್ನುವುದನ್ನು.

ಇಲ್ಲೊಂದು ಸೂಕ್ಷ್ಮ ಇದೆ. ತುಳು ಮಾತ್ರ ಮನೆಮಾತಾದವರೂ ಕೊಡವ ಮನೆಮಾತಾದವರೂ ಎದುರಾದರೆ ಇಬ್ಬರಿಗೂ ಬರುವ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಾರಲ್ಲ, ಫೋನು ಮತ್ತು ರಿಸೀವರ್ ಕೂಡ ಹಾಗೆಯೇ. ಎರಡಕ್ಕೂ ಗೊತ್ತಿರುವ ಕೋಡೆಕ್ ಮಾತ್ರ ನಡೆಯುತ್ತದೆ, ಯಾವುದೂ ಹೊಂದದಿದ್ದರೆ ಎಸ್‌ಬಿಸಿ. ಐಫೋನಿಗೆ ಎಸ್‌ಬಿಸಿ ಮತ್ತು ಎಎಸಿ ಬರುತ್ತವೆ, ಅಷ್ಟೇ. ಸೋನಿಯ ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹೋಗುತ್ತದೆ, 2017ರ ಆಂಡ್ರಾಯ್ಡ್ 8ರಿಂದ ಆಂಡ್ರಾಯ್ಡ್ ಫೋನುಗಳಲ್ಲಿ ಸಿಗುತ್ತಿದೆ. ಆದರೆ ಐಫೋನ್ ಇಟ್ಟುಕೊಂಡು ಎಲ್‌ಡ್ಯಾಕ್ ಇರುವ ದುಬಾರಿ ರಿಸೀವರ್ ತಂದರೆ ಆ ಹೆಚ್ಚುವರಿ ದುಡ್ಡು ದಂಡ. ಎಲ್‌ಡ್ಯಾಕ್ ಕೂಡ ಸಿಗ್ನಲ್ ಸೊರಗಿದರೆ 660ಕ್ಕೆ, 330ಕ್ಕೆ ಇಳಿಯುತ್ತದೆ.

ಸಿಗ್ನಲ್ ಸೊರಗುವುದು ಏಕೆಂದರೆ ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ವೈಫೈ ಕೂಡ ಅಲ್ಲಿದೆ, ಮೈಕ್ರೋವೇವ್ ಓವನ್ನಿನ ಸೋರಿಕೆಯೂ ಅಲ್ಲಿಯೇ. ನೀರು ತುಂಬಿದ ನಮ್ಮ ಮೈ ಈ ತರಂಗವನ್ನು ಚೆನ್ನಾಗಿ ಹೀರುತ್ತದೆ. ಹಾಡು ತುಂಡುತುಂಡಾಗುತ್ತಿದ್ದರೆ ಫೋನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು. ಮೈ ಹೀರುತ್ತದೆ ಎಂದ ಕೂಡಲೇ ವಿಕಿರಣದ ಫಾರ್ವರ್ಡ್ ನೆನಪಾದರೆ, ಸಾಮಾನ್ಯ ಬ್ಲೂಟೂತ್ ಸಾಧನ ಹೊರಸೂಸುವುದು ಹೆಚ್ಚೆಂದರೆ ಕೆಲವೇ ಮಿಲಿವ್ಯಾಟ್. ಕಿವಿಗೊತ್ತಿ ಮಾತಾಡುವ ಫೋನು ಟವರ್ ಮುಟ್ಟಲು ಬಳಸುವುದು ಇದರ ಎಷ್ಟೋ ಪಟ್ಟು.

ವೈಫೈ ದಾರಿ, ಮತ್ತು ಮನೆಯಲ್ಲೇ ಇರುವ ರಿಸೀವರ್

ಒಂದು ಬಿಟ್ ಕೂಡ ಬಿಡದೆ ಕಳಿಸಬೇಕೆಂದರೆ ವೈಫೈ. ಸಿಡಿಗೆ ಬೇಕಾದ 1.4 ಮೆಗಾಬಿಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆಪಲ್‌ನ ಏರ್‌ಪ್ಲೇನಲ್ಲಿ ಫೋನೇ ಹಾಡನ್ನು ರಿಸೀವರ್‌ಗೆ ರವಾನಿಸುತ್ತದೆ. ಗೂಗಲ್ ಕಾಸ್ಟ್, ಸ್ಪಾಟಿಫೈ ಕನೆಕ್ಟ್ ಬೇರೆ ಥರ. ಅಲ್ಲಿ ನಿಮ್ಮ ಫೋನು ಬರೀ ರಿಮೋಟ್. ಇಂಥ ಹಾಡು ನುಡಿಸು ಎಂದು ಹೇಳಿ ಸುಮ್ಮನಾಗುತ್ತದೆ, ರಿಸೀವರ್ ತಾನೇ ಇಂಟರ್ನೆಟ್ಟಿನಿಂದ ಹಾಡನ್ನು ಎಳೆದುಕೊಳ್ಳುತ್ತದೆ. ಹಾಡಿನ ನಡುವೆ ಕರೆ ಬಂದರೂ ಸಂಗೀತ ನಿಲ್ಲುವುದಿಲ್ಲ, ವಾಟ್ಸಾಪಿನ ಟಿಂಗ್ ಸದ್ದು ಸ್ಪೀಕರಿನಲ್ಲಿ ಮೊಳಗುವುದಿಲ್ಲ. ಸಂಸಾರವಂದಿಗರಿಗೆ ಗುಣಮಟ್ಟಕ್ಕಿಂತ ಇದೇ ದೊಡ್ಡ ಲಾಭ ಎಂದು ನನ್ನ ಅನಿಸಿಕೆ.

ಹಳೆಯ ಸ್ಟೀರಿಯೊಗೆಂದೇ ಗೂಗಲ್ 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೊ ಎಂಬ ಅಗ್ಗದ ಬಿಲ್ಲೆ ತಂದಿತ್ತು. 2019ರ ಆರಂಭದಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಸಿಗುವ ವೈಫೈ ರಿಸೀವರ್‌ಗಳು ಬ್ಲೂಟೂತ್‌ನವಕ್ಕಿಂತ ಬಹಳ ದುಬಾರಿ. ಆದರೆ ಕೊಳ್ಳುವ ಮುಂಚೆ ನಿಮ್ಮ ಟಿವಿಯ ಹಿಂದೆ ಒಮ್ಮೆ ಇಣುಕಿ. ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಆಗಿದ್ದರೆ ಕಾಸ್ಟ್ ಅದರಲ್ಲೇ ಇದೆ. ಅದರ ಹೆಡ್‌ಫೋನ್ ತೂತಿನಿಂದ ಸ್ಟೀರಿಯೊಗೆ ಒಂದು ತಂತಿ ಎಳೆದರೆ ವೈಫೈ ರಿಸೀವರ್ ಮನೆಯಲ್ಲೇ ಸಿಕ್ಕಂತಾಯಿತು. ಟಿವಿಯಲ್ಲಿ ಚೌಕಾಕಾರದ ಆಪ್ಟಿಕಲ್ ತೂತು ಮಾತ್ರ ಇದ್ದರೆ ನಡುವೆ ಒಂದು ಸಣ್ಣ ಪರಿವರ್ತಕ ಬೇಕಾಗುತ್ತದೆ.

ಹಾಡಿನ ಮೂಲವೇ ಬಡವಾದರೆ

ದಾರಿ ಎಷ್ಟೇ ಅಗಲವಿರಲಿ, ಹೊರಟ ಜಾಗದಲ್ಲಿ ಇಲ್ಲದ್ದು ತಲುಪುವ ಜಾಗಕ್ಕೆ ಬರುವುದಿಲ್ಲ. ಎಂಪಿ3 ಹಾಡನ್ನು ಫ್ಲ್ಯಾಕ್ ಮಾಡಿಕೊಂಡರೆ ಸ್ಟುಡಿಯೊ ಗುಣಮಟ್ಟ ಬರುತ್ತದೆ ಎನ್ನುವ ವಿಡಿಯೊಗಳಿವೆ. ಅದು ಜೆರಾಕ್ಸ್ ಪ್ರತಿಯನ್ನು ದುಬಾರಿ ಆರ್ಟ್ ಪೇಪರ್ ಮೇಲೆ ಮತ್ತೆ ಜೆರಾಕ್ಸ್ ಮಾಡಿದಂತೆ. ಕಾಗದ ನುಣುಪಾಗುತ್ತದೆ, ಅಳಿಸಿಹೋದ ಅಕ್ಷರ ಮರಳುವುದಿಲ್ಲ. ಗ್ರೂಪುಗಳಲ್ಲಿ ವಿಡಿಯೊ ರೂಪದಲ್ಲಿ ಓಡಾಡುವ ಹಳೆಯ ಹಾಡುಗಳಂತೂ ಕಳಿಸುವಾಗ, ಇಳಿಸಿ ಮತ್ತೆ ಏರಿಸುವಾಗ ಕುಗ್ಗಿ ಕುಗ್ಗಿ ಬಂದಿರುತ್ತವೆ.

ಹಾಡಿನ ಆ್ಯಪ್‌ಗಳಲ್ಲಿ ಗುಣಮಟ್ಟ ಆರಿಸುವ ಜಾಗ ಸೆಟ್ಟಿಂಗ್ಸ್ ಒಳಗಿರುತ್ತದೆ, ಮೊಬೈಲ್ ಡೇಟಾಗೆ ಬೇರೆ, ವೈಫೈಗೆ ಬೇರೆ. ಡೇಟಾ ಉಳಿಸುವ ಆಯ್ಕೆ ಹಾಕಿಕೊಂಡು ಮರೆತವರೇ ಹೆಚ್ಚು. ಸೆಕೆಂಡಿಗೆ 320 ಕಿಲೋಬಿಟ್‌ನಲ್ಲಿ ಒಂದು ಗಂಟೆ ಕೇಳಿದರೆ ಸುಮಾರು 144 ಎಂಬಿ ಖರ್ಚು. ಸಿಡಿ ಗುಣಮಟ್ಟಕ್ಕೆ 300ರಿಂದ 450 ಎಂಬಿ. 24 ಬಿಟ್, 192 ಕಿಲೋಹರ್ಟ್ಸ್ ಎಂದರೆ ಗಂಟೆಗೆ ಎರಡು ಮೂರು ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವರು ಒಂದು ಕಛೇರಿ ಮುಗಿಯುವುದರೊಳಗೆ ಬರಿಗೈ. ಅದನ್ನು ಮತ್ತೆ ಬ್ಲೂಟೂತ್‌ನಲ್ಲೇ ಕಳಿಸಿದರೆ ಫೋನು ಎಲ್ಲವನ್ನೂ ಬಿಡಿಸಿ, ಕುಗ್ಗಿಸಿಯೇ ಕಳಿಸುತ್ತದೆ. ಬ್ಲೂಟೂತ್‌ಗೆ 320 ಸಾಕು ಎನ್ನುವುದು ಈ ಕಾರಣಕ್ಕೆ.

ಹಳೆಯ ಸ್ಟೀರಿಯೊ ಹಿಂಬದಿಯಲ್ಲಿ

ಮುಂದಿನ ಶನಿವಾರ ನಾನು ಹಾಸನಕ್ಕೆ ಹೋದೆ. ನಿಮ್ಮಲ್ಲೂ ಇಂಥ ಸೆಟ್ ಇದ್ದರೆ ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಆಂಪ್ಲಿಫೈಯರನ್ನು ಒಮ್ಮೆ ರಿಪೇರಿಯವರಿಗೆ ತೋರಿಸಿಯೇ ಪ್ಲಗ್ಗಿಗೆ ಹಾಕಿ. ಮುಚ್ಚಳ ನೀವೇ ಬಿಚ್ಚಬೇಡಿ, ಒಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಶಾಕ್ ಕೊಡಬಲ್ಲವು.

ಹಿಂಬದಿಯಲ್ಲಿ ಕೆಂಪು ಬಿಳಿ ತೂತುಗಳ ಸಾಲು ಇರುತ್ತದೆ. ರಿಸೀವರಿನ ತಂತಿಯನ್ನು ಆಕ್ಸ್, ಸಿಡಿ ಅಥವಾ ಟೇಪ್ ಇನ್ ಎಂದಿರುವಲ್ಲಿ ಹಾಕಿ. ಫೋನೊ ಎಂದು ಬರೆದಿರುವುದನ್ನು ಫೋನಿಗೆಂದು ತಿಳಿದು ಅಲ್ಲಿ ಸಿಕ್ಕಿಸುವವರಿದ್ದಾರೆ. ಅದು ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟ್‌ಗಳನ್ನು ದೊಡ್ಡದು ಮಾಡುವ ದಾರಿ. ರಿಸೀವರ್ ಕೊಡುವ ಸಿಗ್ನಲ್ ಅದರ ನೂರಾರು ಪಟ್ಟು. ಧ್ವನಿ ಸೀಳಿಹೋಗುತ್ತದೆ. ದೊಡ್ಡಪ್ಪ ಇದನ್ನು ಸರಿಯಾಗಿಯೇ ಹಾಕಿದ್ದರು.

ಸರಿಯಿಲ್ಲದ್ದು ಬೇರೆ ಮೂರಿದ್ದವು. ಮೊದಲನೆಯದು ಹಾಡಿಲ್ಲದಾಗಲೂ ಗುಂಯ್ ಎನ್ನುವ ಸದ್ದು. ರಿಸೀವರ್ ಮತ್ತು ಆಂಪ್ಲಿಫೈಯರ್ ಬೇರೆ ಬೇರೆ ದಾರಿಯಲ್ಲಿ ವಿದ್ಯುತ್ ಪಡೆದು, ನಡುವಿನ ತಂತಿಯಲ್ಲೂ ಸೇರಿಕೊಂಡಾಗ ಇಂಥ ಸುತ್ತು ಏರ್ಪಡುತ್ತದೆ. ಕಳಪೆ ಚಾರ್ಜರಿನಿಂದಲೂ ಬರುತ್ತದೆ. ರಿಸೀವರನ್ನು ಒಂದು ಪವರ್ ಬ್ಯಾಂಕಿಗೆ ಹಾಕಿ ನೋಡಿದೆವು, ಸದ್ದು ನಿಂತಿತು. ಬೇರೆ ಚಾರ್ಜರ್ ಹಾಕಿದಾಗಲೂ ಬರಲಿಲ್ಲ. ಹಾಕಿದರೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ತುಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ತಂತಿಯ ನಡುವೆ ಸೇರಿಸಿದರಾಯಿತು. ಆದರೆ ಯಾವ ಕಾರಣಕ್ಕೂ ಆಂಪ್ಲಿಫೈಯರಿನ ಅರ್ಥಿಂಗ್ ಪಿನ್ ಕಿತ್ತು ಸದ್ದು ನಿಲ್ಲಿಸಲು ಹೋಗಬೇಡಿ. ಈ ‘ಟಿಪ್ಸ್’ ಕೂಡ ಓಡಾಡುತ್ತಿದೆ, ಪ್ರಾಣಕ್ಕೇ ಅಪಾಯ.

ಎರಡನೆಯದು ವಾಲ್ಯೂಮ್. ಫೋನಿನಲ್ಲಿ ಕಾಲು ಭಾಗ ಇಟ್ಟು ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿದ್ದರು. ಹೀಗೆ ಮಾಡಿದರೆ ಹಾಡಿನ ಜೊತೆ ಗೊರಗೊರವೂ ದೊಡ್ಡದಾಗುತ್ತದೆ. ಫೋನನ್ನು ಹೆಚ್ಚುಕಡಿಮೆ ಪೂರ್ತಿ ಇಟ್ಟು, ಏರಿಳಿಸುವುದನ್ನು ಆಂಪ್ಲಿಫೈಯರಿನಲ್ಲಿ ಮಾಡಿ.

ಮೂರನೆಯದೇ ಮೃದಂಗದ ಕಳ್ಳ. ಮನೆಗೆ ಸುಣ್ಣ ಹೊಡೆಸಿದಾಗ ಸ್ಪೀಕರ್ ತಂತಿ ಬಿಚ್ಚಿ ಮತ್ತೆ ಹಾಕಿದ್ದರಂತೆ. ಬಲಗಡೆಯ ಸ್ಪೀಕರಿಗೆ ಕೆಂಪು ಕಪ್ಪು ಅದಲುಬದಲಾಗಿತ್ತು. ಆಗ ಒಂದು ಸ್ಪೀಕರಿನ ಪರದೆ ಮುಂದೆ ಚಿಮ್ಮುವ ಕ್ಷಣದಲ್ಲೇ ಇನ್ನೊಂದು ಹಿಂದಕ್ಕೆ ಸರಿಯುತ್ತದೆ. ಎತ್ತರದ ಸ್ವರಗಳಲ್ಲಿ ಅಷ್ಟಾಗಿ ತಿಳಿಯುವುದಿಲ್ಲ, ಆದರೆ ತಗ್ಗಿನ ಸದ್ದುಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ. ಮೃದಂಗದ ತೊಪ್ಪಿಯ ಗುಮುಕಿ ಪೂರಾ ಬೋಳು. ಸೆಟ್ ಆರಿಸಿ ತಂತಿ ತಿರುಗಿಸಿ ಹಾಕಲು ಎರಡು ನಿಮಿಷ ಹಿಡಿಯಿತು, ಖರ್ಚು ಸೊನ್ನೆ. ಹೊಸದಾಗಿ ಹಾಕಿದ ಹಾಡಿನ ಮೊದಲ ಪೆಟ್ಟಿಗೇ ದೊಡ್ಡಮ್ಮ ಒಳಗಿನಿಂದ ‘ರೀ, ಸ್ವಲ್ಪ ಕಮ್ಮಿ ಮಾಡಿ’ ಎಂದರು.

ಕಣ್ಣು ಕಟ್ಟಿ ಕೇಳುವ ಪರೀಕ್ಷೆ

ಆದರೂ ದೊಡ್ಡಪ್ಪನ ಅನುಮಾನ ಪೂರ್ತಿ ಹೋಗಿರಲಿಲ್ಲ. ತಂತಿಯಲ್ಲಿ ಬಂದರೆ ಇನ್ನೂ ಚೆನ್ನಾಗಿರುತ್ತದೆಯಲ್ಲವೇ? ಪರೀಕ್ಷಿಸೋಣ ಎಂದೆ. ಅವರ ಫೋನಿಗೆ ಹೆಡ್‌ಫೋನ್ ತೂತು ಇರುವುದರಿಂದ ಅದರಿಂದ ಒಂದು ತಂತಿ ಸಿಡಿ ತೂತಿಗೆ, ಬ್ಲೂಟೂತ್ ರಿಸೀವರ್ ಆಕ್ಸ್‌ಗೆ. ಒಂದೇ ಹಾಡಿನ ಒಂದೇ ಅರ್ಧ ನಿಮಿಷ. ಎರಡೂ ದಾರಿಯಲ್ಲಿ ಧ್ವನಿಮಟ್ಟ ಸಮ ಇರಬೇಕು, ಇದು ಬಹಳ ಮುಖ್ಯ. ತುಸುವೇ ಜೋರಾಗಿರುವುದನ್ನು ಕಿವಿ ‘ಚೆನ್ನಾಗಿದೆ’ ಎಂದು ತಪ್ಪು ತಿಳಿಯುತ್ತದೆ, ಅಂಗಡಿಗಳಲ್ಲಿ ಡೆಮೊ ಕೊಡುವವರಿಗೆ ಇದು ಗೊತ್ತು. ಸದ್ದು ಅಳೆಯುವ ಉಚಿತ ಆ್ಯಪ್ ಇಟ್ಟು ನಾನು ಸಮ ಮಾಡಿದೆ. ದೊಡ್ಡಪ್ಪ ಬೆನ್ನು ತಿರುಗಿಸಿ ಕೂತರು. ದೊಡ್ಡಮ್ಮ ನಾಣ್ಯ ಚಿಮ್ಮಿ, ತಲೆ ಬಿದ್ದರೆ ತಂತಿ, ಇಲ್ಲವಾದರೆ ಬ್ಲೂಟೂತ್ ಎಂದು ಹಾಕುತ್ತ ಹೋದರು. ನಾನು ಚೀಟಿಯಲ್ಲಿ ಗುರುತು ಹಾಕಿಕೊಂಡೆ.

ಹತ್ತು ಸಲದಲ್ಲಿ ಬರೀ ಅದೃಷ್ಟದಿಂದ ಎಂಟು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ಐದರಷ್ಟು. ಒಂಬತ್ತು ಅಥವಾ ಹತ್ತು ಬಂದರೆ ನಿಮ್ಮ ಕಿವಿ ನಿಜವಾಗಿ ಏನನ್ನೋ ಹಿಡಿಯುತ್ತಿದೆ ಎನ್ನಬಹುದು, ಆಗ ಒಳ್ಳೆಯ ಕೋಡೆಕ್‌ಗೋ ವೈಫೈಗೋ ದುಡ್ಡು ಹಾಕುವುದರಲ್ಲಿ ಅರ್ಥವಿದೆ. ದೊಡ್ಡಪ್ಪನಿಗೆ ಬಂದದ್ದು ಆರು.

‘ಐದಕ್ಕಿಂತ ಜಾಸ್ತಿ ಅಲ್ವೇನಮ್ಮಾ’ ಎಂದರು. ಇನ್ನೊಂದು ಹತ್ತು ಆಗಲಿ ಎಂದು ದೊಡ್ಡಮ್ಮನ ಕೈಗೆ ನಾಣ್ಯ ಕೊಟ್ಟು ಮತ್ತೆ ಬೆನ್ನು ತಿರುಗಿಸಿ ಕೂತರು. ಈ ಸಲ ನಾಲ್ಕು.